ಒಡೆಯರಪಾಳ್ಯದ ಹಬ್ಬ ಮತ್ತು ನಮ್ಮ ಸಂವಿಧಾನ ದಿನ

ಪ್ರತಿವರ್ಷ ಸೆಪ್ಟೆಂಬರ್ 2ರಂದು ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಒಂದು ರಾಷ್ಟ್ರೀಯ ಹಬ್ಬ ನಡೆಯುತ್ತದೆ. ಅದು ನಮ್ಮ ರಾಷ್ಟ್ರದ್ದಲ್ಲ. ಧೋಂಡೆನ್‌ಲಿಂಗ್ ಎಂಬ ಹೆಸರಿನ ಅಲ್ಲಿನ ಟಿಬೆಟನ್ ನಿರಾಶ್ರಿತರ ನೆಲೆಯಲ್ಲಿ ಅಂದು ಪ್ರಜಾಪ್ರಭುತ್ವ ದಿನ. 1960ರ ಅದೇ ದಿನ, ದೇಶ ಕಳೆದುಕೊಂಡು ವರ್ಷ ಒಂದೂವರೆ ಕಳೆಯುವುದರೊಳಗೆ, ಟಿಬೆಟಿಯನ್ನರ ಮೊದಲ ಚುನಾಯಿತ ಪ್ರತಿನಿಧಿಗಳು ಧರ್ಮಶಾಲೆಯಲ್ಲಿ ಅಧಿಕಾರ ವಹಿಸಿಕೊಂಡರು. 1963ರ ಮಾರ್ಚ್ 10ರಂದು ಭವಿಷ್ಯದ ಟಿಬೆಟಿಗಾಗಿ ಒಂದು ಸಂವಿಧಾನದ ಕರಡು ಹೊರಬಂತು. ದಲಾಯಿ ಲಾಮಾ ಅವರ ಅಧಿಕಾರವನ್ನೇ ಶಾಸನಸಭೆ ಮೂರನೇ ಎರಡರಷ್ಟು ಬಹುಮತದಿಂದ ಹಿಂಪಡೆಯಬಹುದು ಎಂಬ ವಿಧಿ ಅದರಲ್ಲಿತ್ತು. ಜನ ಒಪ್ಪಲಿಲ್ಲ. ದೇವರೆಂದು ನಂಬಿದವರನ್ನು ಕೆಳಗಿಳಿಸುವ ಮಾತೇ? ದಲಾಯಿ ಲಾಮಾ ಅವರೇ ಪಟ್ಟು ಹಿಡಿದು ಅದನ್ನು ಉಳಿಸಿದರು. 1991ರಲ್ಲಿ ದೇಶಭ್ರಷ್ಟ ಟಿಬೆಟಿಯನ್ನರ ಸನ್ನದು ಬಂತು. 2011ರಲ್ಲಿ ಅವರು ತಮ್ಮ ರಾಜಕೀಯ ಅಧಿಕಾರವನ್ನೆಲ್ಲ ಚುನಾಯಿತ ನಾಯಕನಿಗೆ ಬಿಟ್ಟುಕೊಟ್ಟರು. ಕುರ್ಚಿಗಾಗಿ ರೆಸಾರ್ಟುಗಳಲ್ಲಿ ಶಾಸಕರನ್ನು ಬಚ್ಚಿಡುವ ನಮ್ಮ ನಾಡಿನವರು ಈ ಸಂಗತಿಯನ್ನು ಒಮ್ಮೆಯಾದರೂ ನೆನೆಯುವುದು ಒಳ್ಳೆಯದು.

ನಮ್ಮ ನೆಲದಲ್ಲಿ ಬೇರೆಯವರ ಬಾವುಟವೇಕೆ, ಬೇರೆಯವರ ಸಂವಿಧಾನವೇಕೆ ಎಂದು ಕೇಳುವವರಿದ್ದಾರೆ. ದೇಶಪ್ರೇಮವನ್ನು ಗುತ್ತಿಗೆಗೆ ಹಿಡಿದವರು ಮಾತ್ರವಲ್ಲ, ಕೊಳ್ಳೇಗಾಲದ ಚಹಾದಂಗಡಿಯಲ್ಲಿ ಕುಳಿತ ಸಾಮಾನ್ಯರೂ ಹೀಗೆ ಕೇಳುತ್ತಾರೆ. ಇದಕ್ಕೆ ನಮ್ಮ ಉತ್ತರ ಸರಳ. ಮನೆ ಕಳೆದುಕೊಂಡವನು ಮನೆಯ ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಆಶ್ರಯ ಕೊಟ್ಟವನ ಗೋಡೆಯೇನೂ ಬೀಳುವುದಿಲ್ಲ. ಇಸ್ಲಾಮಿನ ಇತಿಹಾಸ ಬಲ್ಲವರಿಗೆ ಇದು ಹೊಸ ಮಾತೂ ಅಲ್ಲ. ಮಕ್ಕಾದಲ್ಲಿ ಬದುಕು ಅಸಹನೀಯವಾದಾಗ ಪ್ರವಾದಿಯವರ ಅನುಯಾಯಿಗಳ ಒಂದು ತಂಡ ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಯಿತು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ಕುರೈಶರು ಕಾಣಿಕೆಗಳೊಂದಿಗೆ ದೂತರನ್ನು ಕಳಿಸಿ, ಇವರನ್ನು ನಮಗೊಪ್ಪಿಸಿ ಎಂದರು. ದೊರೆ ಜಾಫರ್ ಬಿನ್ ಅಬೀತಾಲಿಬರ ಮಾತು ಕೇಳಿದ, ಕಾಣಿಕೆ ಹಿಂದಿರುಗಿಸಿದ, ಆಶ್ರಿತರನ್ನು ಬಿಟ್ಟುಕೊಡಲಿಲ್ಲ. ಅವರು ತಮ್ಮ ನಂಬಿಕೆಯನ್ನು ಗಡಿಯಲ್ಲಿ ಬಿಟ್ಟು ಬರಬೇಕೆಂಬ ಷರತ್ತನ್ನೂ ಹಾಕಲಿಲ್ಲ.

ಮೈಸೂರು ರಾಜ್ಯ ಹೀಗೆಯೇ ನಡೆದುಕೊಂಡಿತು ಎಂದು ಹೇಳಲು ನಮಗೆ ಹೆಮ್ಮೆಯಿದೆ. ಮೊದಲು ಬೈಲಕುಪ್ಪೆ, ಮುಂದೆ ಮುಂಡಗೋಡ, ಹುಣಸೂರು, 1970ರ ದಶಕದ ಮೊದಲ ಅರ್ಧದಲ್ಲಿ, ದೇವರಾಜ ಅರಸರ ಆಡಳಿತದಲ್ಲಿ, ಅಂದಿನ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯ. ಕಾಡು ಸವರಿ ಹೊಲ ಮಾಡಿ ಅವರು ಮುಸುಕಿನ ಜೋಳ ಬೆಳೆದರು. ಊರುಗಳಿಗೆ ಹೆಸರಿಲ್ಲ, ಇಂಗ್ಲಿಷ್ ಅಕ್ಷರಗಳೇ ಹೆಸರು. ಎ ವಿಲೇಜ್, ಬಿ ವಿಲೇಜ್ ಹೀಗೆ. ಇದೇ ಸುಮಾರಿಗೆ ಪಕ್ಕದ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಗಿ, ಸೋಲಿಗರನ್ನು ಅವರದೇ ಕಾಡಿನಿಂದ ಹೊರತಂದು ಕೂರಿಸಲಾಯಿತು ಎಂಬುದನ್ನೂ ಮರೆಮಾಚಬೇಕಿಲ್ಲ. ಆ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯದ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ. ತಪ್ಪು ನಿರಾಶ್ರಿತರದ್ದಲ್ಲ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯುವ ಸರಕಾರದ್ದು.

ಈಗ ನಮ್ಮ ಹಬ್ಬಕ್ಕೆ ಬರೋಣ. ನವೆಂಬರ್ 26ನ್ನು 2015ರಿಂದ ಸಂವಿಧಾನ ದಿನವೆಂದು ಆಚರಿಸುತ್ತಿದ್ದೇವೆ. ಕಚೇರಿ ಕಚೇರಿಗಳಲ್ಲಿ ಪ್ರಸ್ತಾವನೆಯ ವಾಚನ, ಅಂಬೇಡ್ಕರ್ ಭಾವಚಿತ್ರಕ್ಕೆ ಹಾರ, ಫೋಟೋ. 2024ರ ಸೆಪ್ಟೆಂಬರ್ 15ರಂದು ರಾಜ್ಯ ಸರಕಾರ ಬೀದರಿನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಉದ್ದದ ಮಾನವ ಸರಪಳಿಯನ್ನೇ ಕಟ್ಟಿತು. ಪ್ರಸ್ತಾವನೆ ಓದುವುದು ಬೇಡವೆಂದು ನಾವು ಹೇಳುತ್ತಿಲ್ಲ. ಓದಲಿ, ಗಟ್ಟಿಯಾಗಿಯೇ ಓದಲಿ. ಆದರೆ 1949ರ ನವೆಂಬರ್ 26ರಂದು ನಡೆದದ್ದೇನು? ಸಂವಿಧಾನ ಅಂಗೀಕಾರವಾಯಿತು, ಜಾರಿಗೆ ಬಂದದ್ದು ಜನವರಿ 26ಕ್ಕೆ ಎಂದು ಶಾಲಾ ಮಕ್ಕಳೂ ಹೇಳುತ್ತಾರೆ. ಆದರೆ ಕೆಲವು ವಿಧಿಗಳು ಅದೇ ದಿನವೇ ಜಾರಿಯಾದವು. 394ನೇ ವಿಧಿಯನ್ನು ತೆಗೆದು ನೋಡಿ. ಕಾಯಲಾಗದೆಂದು ಅಂದೇ ಜಾರಿಗೊಳಿಸಿದ ವಿಧಿಗಳಲ್ಲಿ 5ರಿಂದ 9ರವರೆಗಿನವು ಪೌರತ್ವದವು. 324 ಚುನಾವಣಾ ಆಯೋಗದ್ದು. ಯಾರು ಈ ದೇಶದವರು, ಅವರು ಮತ ಹಾಕುವುದು ಹೇಗೆ ಎಂಬುದನ್ನು ಸಂವಿಧಾನ ನಿರ್ಮಾತೃಗಳು ಎರಡು ತಿಂಗಳು ಕೂಡ ಮುಂದೂಡಲಿಲ್ಲ. ಹಾಗಾಗಿ ನವೆಂಬರ್ 26 ನಿಜಕ್ಕೂ ಪೌರತ್ವದ ದಿನ. ಆ ದಿನ ಪೌರತ್ವದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ಒಡೆಯರಪಾಳ್ಯದಲ್ಲಿ ಹುಟ್ಟಿ, ಈಗ ನಡುವಯಸ್ಸಿಗೆ ಬಂದವರ ವಿಷಯ ನೋಡಿ. 1950ರ ಜನವರಿ 26ರಿಂದ 1987ರ ಜುಲೈ 1ರವರೆಗೆ ಭಾರತದ ಮಣ್ಣಿನಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಭಾರತೀಯರು ಎನ್ನುತ್ತದೆ ಪೌರತ್ವ ಕಾಯ್ದೆ. ಇದಕ್ಕೆ ಅರ್ಜಿ ಬೇಕಿಲ್ಲ, ದಯೆ ಬೇಕಿಲ್ಲ. ಆದರೂ ಇವರನ್ನು ದಶಕಗಳ ಕಾಲ ವಿದೇಶೀಯರ ರಿಜಿಸ್ಟರಿನಲ್ಲೇ ಇಡಲಾಯಿತು. 2010ರಲ್ಲಿ ನಮ್‌ಗ್ಯಾಲ್ ಡೋಲ್ಕರ್ ಎಂಬ ಮಹಿಳೆ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು. 2013ರಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟು ಲಿಂಗ್ ರಿನ್‌ಪೋಚೆ ಅವರ ಪ್ರಕರಣದಲ್ಲಿ ಅದನ್ನೇ ಹೇಳಿತು. ಅದರ ಮೇಲೆ 2014ರಲ್ಲಿ ಚುನಾವಣಾ ಆಯೋಗ, ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದು ಸೂಚಿಸಿತು. ಇಷ್ಟಾದ ಮೇಲೆ 2017ರಲ್ಲಿ ಕೇಂದ್ರ ಇನ್ನೊಂದು ಮುಳ್ಳು ಹಾಕಿತು: ಭಾರತದ ಪಾಸ್‌ಪೋರ್ಟ್ ಬೇಕೆಂದರೆ ನಿರಾಶ್ರಿತರ ಗುರುತುಪತ್ರ ಒಪ್ಪಿಸಬೇಕು, ಟಿಬೆಟನ್ ಆಡಳಿತದ ಸವಲತ್ತು ಬಿಡಬೇಕು, ನಿರಾಶ್ರಿತರ ನೆಲೆಯಲ್ಲಿ ವಾಸಿಸಬಾರದು. ಭಾರತೀಯನಾಗುವ ದಿನ ಹುಟ್ಟಿದ ಊರು ಬಿಡಬೇಕಂತೆ! ಇದು ಯಾವ ಊರಿನ ನ್ಯಾಯ? ಪೌರತ್ವವೇ ಬೇಡ, ಒಂದು ದಿನ ಲ್ಹಾಸಾಕ್ಕೆ ಮರಳುತ್ತೇವೆ ಎನ್ನುವವರೂ ಅವರಲ್ಲಿದ್ದಾರೆ. ಅದು ಅವರ ಆಯ್ಕೆ, ಅದನ್ನು ಗೌರವಿಸೋಣ. ಆದರೆ ಆಯ್ಕೆಯೆಂದರೆ ಎರಡು ಬಾಗಿಲೂ ತೆರೆದಿರಬೇಕು. ಸದ್ಯಕ್ಕೆ ಸ್ಥಿತಿ ಹೇಗಿದೆಯೆಂದರೆ, ಹೆಸರು ಪಟ್ಟಿಯಲ್ಲಿಲ್ಲದ ಟಿಬೆಟಿಯನ್ ಹೆಣ್ಣುಮಗಳು ನೆಲವೇ ಇಲ್ಲದ ಒಂದು ಸರಕಾರಕ್ಕೆ ಐದು ವರ್ಷಕ್ಕೊಮ್ಮೆ ಮತ ಹಾಕುತ್ತಾಳೆ. ತಾನು ತುಳಿಯುವ ರಸ್ತೆಯ ಪಂಚಾಯತಿಗೆ ಹಾಕುವಂತಿಲ್ಲ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ಅದು ಕಿರುಕುಳಕ್ಕೊಳಗಾದವರ ಮೇಲಿನ ಕರುಣೆಯಿಂದ ಬಂದದ್ದು ಎಂದರು. ಅದರ ಪಟ್ಟಿಯಲ್ಲಿ ಬೌದ್ಧರಿದ್ದಾರೆ. ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಬೌದ್ಧರು! ನಮ್ಮ ಕಣ್ಣೆದುರಿನ ಒಡೆಯರಪಾಳ್ಯದ ಬೌದ್ಧ ಅದರಲ್ಲಿಲ್ಲ. ತಮಿಳುನಾಡಿನ ಶಿಬಿರಗಳಲ್ಲಿರುವ ಶ್ರೀಲಂಕಾದ ಹಿಂದೂ ತಮಿಳನೂ ಇಲ್ಲ. ರೋಹಿಂಗ್ಯಾ ಮುಸ್ಲಿಮನಂತೂ ಕೇಳಲೇಬೇಡಿ. ಕರುಣೆಗೆ ಇಷ್ಟು ಲೆಕ್ಕಾಚಾರ ಇರುವುದಿಲ್ಲ. ಯಾರನ್ನು ಹೊರಗಿಡಬೇಕೆಂದು ಮೊದಲೇ ತೀರ್ಮಾನಿಸಿ ಆಮೇಲೆ ಬರೆದ ಕಾನೂನು ಹೀಗೆಯೇ ಕಾಣುತ್ತದೆ.

ನಮ್ಮ ಓಣಿಗಳಲ್ಲಿ ಕೇಳಿಬರುವ ಇನ್ನೊಂದು ಮಾತಿಗೂ ಇಲ್ಲಿ ಉತ್ತರಿಸಬೇಕು. ಟಿಬೆಟಿನವರಿಗೆ ಜಮೀನು, ಶಾಲೆ, ಬಂಗಾರದ ಗೋಪುರದ ಮಠ ಎಲ್ಲ ಸಿಕ್ಕಿತು. ತಲೆತಲಾಂತರದಿಂದ ಇಲ್ಲೇ ಇರುವ ನಮ್ಮನ್ನು ಪಾಕಿಸ್ತಾನಕ್ಕೆ ಹೋಗಿ ಎನ್ನುತ್ತಾರೆ ಎಂಬ ಮಾತು. ಎರಡನೆಯ ಅರ್ಧ ನಿಜ, ಆ ನೋವೂ ನಿಜ. ಆದರೆ ಮೊದಲ ಅರ್ಧ ಅಸೂಯೆ. ಗುತ್ತಿಗೆಯ ಹೊಲದಲ್ಲಿ ಉತ್ತು, ಚಳಿಗಾಲದಲ್ಲಿ ಸ್ವೆಟರ್ ಗಂಟು ಹೊತ್ತು ಊರೂರು ತಿರುಗಿ ಬದುಕುವವನನ್ನು ನೋಡಿ ಕರುಬುವುದು ನಮಗೆ ಶೋಭಿಸುವುದಿಲ್ಲ. ಅವನ ಕಾಗದ ಕೇಳುವ ಕಚೇರಿಯೇ ನಾಳೆ ನಮ್ಮ ಕಾಗದವನ್ನೂ ಕೇಳುತ್ತದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯನ್ನು ಪರಿಷ್ಕರಿಸಿದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದವು. ಸತ್ತವರು, ಊರು ಬಿಟ್ಟವರು ಎಂದರು. ಬದುಕಿರುವ 'ಸತ್ತವರು' ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಈ ಸೀಮೆಯ ಹಳಬರಿಗೆ ಕಾಗದದ ಕಷ್ಟ ಇನ್ನೂ ವಿಚಿತ್ರ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪೂರ್ಣಯ್ಯನವರ ಜಹಗೀರಿಯಾಗಿದ್ದ ಯಳಂದೂರು ಮೈಸೂರಿನಲ್ಲಿತ್ತು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ನಡುವೆ ಎರಡು ರಾಜ್ಯಗಳ ಗಡಿ. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯ ಅಜ್ಜಿ ಹುಟ್ಟಿದ್ದು ಮದರಾಸು ರಾಜ್ಯದಲ್ಲಿ, ಮದುವೆಯಾದದ್ದು ಮೈಸೂರಿನಲ್ಲಿ, ಮೊಮ್ಮಕ್ಕಳನ್ನು ಎತ್ತಿದ್ದು ಕರ್ನಾಟಕದಲ್ಲಿ. ಆಕೆ ಕೇರಿ ಬಿಟ್ಟು ಕದಲಿದವಳಲ್ಲ. ನಿಮ್ಮ ತಾಯಿಯ ಜನನ ದಾಖಲೆ ತನ್ನಿ ಎಂದರೆ ಆಕೆ ಯಾವ ಕಚೇರಿಯ ಬಾಗಿಲು ತಟ್ಟಬೇಕು? ಇದು ಮುಸ್ಲಿಮರ ಸಮಸ್ಯೆ ಮಾತ್ರ ಎಂದುಕೊಂಡ ಲಿಂಗಾಯತ, ದಲಿತ, ದೇವಾಂಗ ಅಣ್ಣಂದಿರು ತಮ್ಮ ಅಜ್ಜಿಯ ಟ್ರಂಕನ್ನು ಒಮ್ಮೆ ತೆರೆದು ನೋಡಲಿ.

ಒಂದು ಓಟಿನಿಂದ ಏನಾಗುತ್ತದೆ ಎನ್ನುವವರಿಗೆ ಈ ಭಾಗದಲ್ಲಿ ಪಾಠ ಹೇಳಬೇಕಿಲ್ಲ. 2004ರಲ್ಲಿ ಯಳಂದೂರಿನ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ, ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದರು. ಆದರೆ ಅದೇ ಜಿಲ್ಲೆಯಲ್ಲಿ, 2024ರ ಏಪ್ರಿಲ್ 26ರಂದು, ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಇಂಡಿಗನತ್ತದಲ್ಲಿ ಮತಯಂತ್ರವೇ ಪುಡಿಯಾಯಿತು. ರಸ್ತೆಯಿಲ್ಲ, ನೀರಿಲ್ಲ, ಓಟು ಹಾಕುವುದಿಲ್ಲ ಎಂದಿದ್ದ ಜನರನ್ನು ಹಾಕಿಸಲು ಹೋದಾಗ ಜಗಳವೆದ್ದಿತ್ತು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಮೂರು ದಿನದ ನಂತರ ಮರುಮತದಾನವಾಯಿತು. ಬಂದವರು ಕೆಲವೇ ಮಂದಿ. ಊರಿನ ಗಂಡಸರು ಪೊಲೀಸರಿಗೆ ಹೆದರಿ ಕಾಡು ಸೇರಿದ್ದರು. ನಾಲ್ಕೂವರೆ ತಿಂಗಳ ನಂತರ ಇದೇ ಜಿಲ್ಲೆಗೆ ಬಂದು ಮಾನವ ಸರಪಳಿ ಕೊನೆಗೊಂಡಿತು.

ಜಿಲ್ಲಾಡಳಿತಕ್ಕೆ ನಮ್ಮ ಒತ್ತಾಯ ದೊಡ್ಡದೇನಲ್ಲ. ಮುಂದಿನ ನವೆಂಬರ್ 26ರಂದು ಪ್ರಸ್ತಾವನೆಯ ಫಲಕವನ್ನು ಜಿಲ್ಲಾ ಭವನದಲ್ಲಿಯೇ ಬಿಟ್ಟು ಮೂರು ಜೀಪುಗಳನ್ನು ಹೊರಡಿಸಲಿ. ಒಂದು ಒಡೆಯರಪಾಳ್ಯಕ್ಕೆ, 1987ರ ಜುಲೈಗೆ ಮುಂಚೆ ಅಲ್ಲಿ ಹುಟ್ಟಿದವರಲ್ಲಿ ಬಯಸಿದವರ ಹೆಸರನ್ನು ಮತದಾರರ ಪಟ್ಟಿಗೆ ಬರೆದುಕೊಳ್ಳಲು. ಒಂದು ಇಂಡಿಗನತ್ತಕ್ಕೆ, ರಸ್ತೆಯ ಅಳತೆ ಟೇಪು ಹಿಡಿದು. ಮೂರನೆಯದು ಕೊಳ್ಳೇಗಾಲದ ಕೇರಿಗಳಿಗೆ, ಕೊಯಮತ್ತೂರಿನ ಹಳೆಯ ದಫ್ತರುಗಳ ನಕಲನ್ನು ಸರಕಾರವೇ ತರಿಸಿಕೊಂಡು.