ಹಸಿರು ಮುದ್ರೆಯ ಬಿಡಾರ

ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳ ವಿಹಾರಧಾಮವೊಂದರಲ್ಲಿ 1983ರಲ್ಲಿ ಅಮೆರಿಕದ ತರುಣ ಜೇ ವೆಸ್ಟರ್ವೆಲ್ಡ್ ಒಂದು ಚೀಟಿಯನ್ನು ಕಂಡನು. ಸಾಗರವೂ ಹವಳದ ದಿಬ್ಬಗಳೂ ಅಮೂಲ್ಯವಾದುವು. ಆದುದರಿಂದ ಅತಿಥಿಗಳು ಒಮ್ಮೆ ಬಳಸಿದ ಟವೆಲನ್ನೇ ಮತ್ತೆ ಬಳಸಿ ಪ್ರಕೃತಿಯನ್ನು ಕಾಪಾಡಲು ನೆರವಾಗಬೇಕು ಎಂಬುದು ಅದರ ಒಕ್ಕಣೆ. ಸೋಜಿಗವೆಂದರೆ, ಅದೇ ವೇಳೆಗೆ ಆ ವಿಹಾರಧಾಮವು ತೀರದಲ್ಲಿ ತನ್ನ ಕಟ್ಟಡಗಳನ್ನು ಬೆಳೆಸುತ್ತಲಿತ್ತು. ಹವಳದ ದಿಬ್ಬವನ್ನು ಉಳಿಸುವ ಹೊಣೆ ಅತಿಥಿಯದು, ಅಗಸನ ಖರ್ಚು ಉಳಿದ ಲಾಭ ಯಜಮಾನನದು! ಮೂರು ವರ್ಷಗಳ ಬಳಿಕ, 1986ರಲ್ಲಿ, ವೆಸ್ಟರ್ವೆಲ್ಡ್ ಒಂದು ಪ್ರಬಂಧದಲ್ಲಿ ಈ ಬಗೆಯ ನಡವಳಿಕೆಗೆ ‘ಗ್ರೀನ್‌ವಾಷಿಂಗ್’ ಎಂದು ಹೆಸರಿಟ್ಟನು. ಬಿರುಕು ಬಿಟ್ಟ ಗೋಡೆಯನ್ನು ಸುಣ್ಣ ಬಳಿದು ಮುಚ್ಚುವುದುಂಟಷ್ಟೆ. ಇಲ್ಲಿ ಬಳಿಯುವ ಬಣ್ಣ ಹಸಿರು.

ಆ ಚೀಟಿಯ ಸಂತಾನ ಇಂದು ಜಗತ್ತನ್ನೆಲ್ಲ ವ್ಯಾಪಿಸಿದೆ. ರಜೆಗೆಂದು ನಾಲ್ಕಾರು ದಿನಗಳ ಮಟ್ಟಿಗೆ ಬಾಡಿಗೆಗೆ ದೊರೆಯುವ ಮನೆಗಳ ಜಾಹೀರಾತುಗಳಲ್ಲಿ ‘ಪರಿಸರಸ್ನೇಹಿ’, ‘ಸುಸ್ಥಿರ’ ಎಂಬ ವಿಶೇಷಣಗಳಿಲ್ಲದವು ವಿರಳ. ಮಕ್ಕಳುಮರಿಗಳೊಡನೆ ಹೊರಡುವ ಸಂಸಾರಸ್ಥನು ಅಂತಹ ಮನೆಗೆ ನಾಲ್ಕು ಕಾಸು ಹೆಚ್ಚು ತೆರಲು ಸಿದ್ಧನಿದ್ದಾನೆ. ಆದರೆ ಆ ಮಾತಿಗೆ ಸಾಕ್ಷಿ ಯಾರು? ಮನೆಯೊಡೆಯನೇ ಸಾಕ್ಷಿಯೆಂದರೆ ಹುಡುಗನು ತನ್ನ ಪರೀಕ್ಷೆಯ ಕಾಗದವನ್ನು ತಾನೇ ತಿದ್ದಿಕೊಂಡಂತೆ.

ಈ ತೊಡಕನ್ನು ಮೊದಲು ಗಂಭೀರವಾಗಿ ಕೈಗೆತ್ತಿಕೊಂಡ ದೇಶಗಳಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ಒಂದು. ಕಾಡು, ಕಡಲು, ಹಕ್ಕಿಗಳನ್ನು ನೋಡಲೆಂದೇ ಅಲ್ಲಿಗೆ ಜನ ಬರತೊಡಗಿದಾಗ, ಮರದ ನೆರಳಿದ್ದ ವಸತಿಗೃಹಗಳೆಲ್ಲ ‘ಪ್ರಕೃತಿಧಾಮ’ಗಳೆಂಬ ಹೆಸರು ಹೊತ್ತವು. ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆಯು 1997ರಲ್ಲಿ ಒಂದು ಪ್ರಮಾಣಪತ್ರದ ಪದ್ಧತಿಯನ್ನು ಆರಂಭಿಸಿತು. ಹೋಟೆಲಿಗೆ ನಕ್ಷತ್ರಗಳಿದ್ದಂತೆ ಇಲ್ಲಿ ಎಲೆಗಳು, ಒಂದರಿಂದ ಐದರವರೆಗೆ. ನಾಲ್ಕು ವಿಭಾಗಗಳಲ್ಲಿ ಪರೀಕ್ಷೆ: ಸುತ್ತಲಿನ ಪ್ರಕೃತಿಯೊಡನೆ ವಸತಿಗೃಹದ ನಡವಳಿಕೆ, ನೀರು-ವಿದ್ಯುತ್ತು-ಕಸಗಳ ನಿರ್ವಹಣೆ, ಅತಿಥಿಗೆ ದೊರೆಯುವ ತಿಳಿವಳಿಕೆ, ಊರಿನ ಜನರಿಗೆ ಸಲ್ಲುವ ಪ್ರಯೋಜನ.

ಆ ಪದ್ಧತಿಯ ಜಾಣತನವಿದ್ದುದು ಲೆಕ್ಕ ಹಾಕುವ ರೀತಿಯಲ್ಲಿ. ನಾಲ್ಕು ವಿಭಾಗಗಳ ಅಂಕಗಳನ್ನು ಕೂಡಿ ಸರಾಸರಿ ತೆಗೆಯುತ್ತಿರಲಿಲ್ಲ. ಯಾವ ವಿಭಾಗದಲ್ಲಿ ಅತ್ಯಂತ ಕಡಿಮೆ ಬಂದಿತೋ ಅದೇ ಒಟ್ಟು ದರ್ಜೆ. ಮೂರರಲ್ಲಿ ಐದು ಎಲೆಗಳಿಗೆ ಸಲ್ಲುವಷ್ಟು ಅಂಕ ಗಳಿಸಿ, ಊರಿನವರಿಗೆ ಒಂದು ಕೂಲಿಯನ್ನೂ ಕೊಡದೆ ಎಲ್ಲ ಸಾಮಾನನ್ನೂ ರಾಜಧಾನಿಯಿಂದ ತರಿಸುವ ಯಜಮಾನನಿಗೆ ಅದೊಂದೇ ಮುಳುವಾಗುತ್ತಿತ್ತು. ಗಣಿತದಲ್ಲಿ ಸೊನ್ನೆ ತಂದು ಕನ್ನಡದ ಅಂಕದಿಂದ ಪಾಸಾಗುವ ದಾರಿಯೇ ಅಲ್ಲಿರಲಿಲ್ಲವೆನ್ನಬೇಕು. ಮುಂದೆ ಈ ಪದ್ಧತಿ ಪರಿಷ್ಕಾರಗೊಂಡಿತು.

ಹೋಟೆಲನ್ನು ಅಳೆಯುವುದು ಹೇಗೋ ಸಾಧ್ಯ. ಅಲ್ಲಿ ಮ್ಯಾನೇಜರು, ಆಳುಕಾಳು, ಲೆಕ್ಕದ ಪುಸ್ತಕಗಳು ಇರುತ್ತವೆ. ಬಾಡಿಗೆಯ ಬಿಡಾರದ ಸ್ಥಿತಿ ಬೇರೆ. ಯಜಮಾನನು ಇನ್ನೊಂದು ಊರಿನಲ್ಲಿ, ಕೀಲಿಕೈ ನೆರೆಯವರಲ್ಲಿ. ವಾರವಿಡೀ ಮನೆ ಖಾಲಿಯಿದ್ದರೂ ಫ್ರಿಜ್ಜು ಗುಂಯ್‌ಗುಡುತ್ತಲೇ ಇರುತ್ತದೆ, ನೀರು ಕಾಯಿಸುವ ಯಂತ್ರ ಕಾಯುತ್ತಲೇ ಇರುತ್ತದೆ. ಶನಿವಾರ ಬಂದಿಳಿದ ಸಂಸಾರಕ್ಕೆ ಹಸಿ ಕಸ ಯಾವ ಡಬ್ಬಿಗೆ, ಒಣ ಕಸ ಯಾವ ಡಬ್ಬಿಗೆ ಎಂದು ಹೇಳುವವರೇ ಇಲ್ಲ. ಭಾನುವಾರ ಅವರು ಹೊರಟರೆ ಎಲ್ಲವೂ ಒಂದೇ ಚೀಲದಲ್ಲಿ!

ಡೆನ್ಮಾರ್ಕಿನಲ್ಲಿ 1994ರಲ್ಲಿ ಹುಟ್ಟಿದ ‘ಗ್ರೀನ್ ಕೀ’ ಎಂಬ ಪ್ರಮಾಣಪತ್ರವು ಹೋಟೆಲುಗಳಲ್ಲದೆ ಡೇರೆಯ ತಾಣಗಳಿಗೂ ಸಣ್ಣ ವಸತಿಗಳಿಗೂ ದೊರೆಯುತ್ತದೆ. ಅದರ ನಿಯಮಗಳಲ್ಲಿ ಒಂದು ಗೃಹಿಣಿಯರಿಗೂ ಮೆಚ್ಚಿಗೆಯಾದೀತು: ಸ್ನಾನದ ಶವರಿನಿಂದ ನಿಮಿಷಕ್ಕೆ 9 ಲೀಟರಿಗಿಂತ ಹೆಚ್ಚು ನೀರು ಬೀಳಬಾರದು. ಇದನ್ನು ಪರೀಕ್ಷಿಸಲು ಪದವೀಧರನೇ ಬೇಕೆಂದಿಲ್ಲ; 15 ಲೀಟರಿನ ಬಕೆಟ್ಟೂ ಕೈಗಡಿಯಾರವೂ ಸಾಕು. ಬಕೆಟ್ಟು ತುಂಬಲು 100 ಸೆಕೆಂಡಾದರೂ ಹಿಡಿಯಬೇಕು. ಒಂದೇ ನಿಮಿಷದಲ್ಲಿ ತುಂಬಿತೆಂದರೆ, ತಲೆಗೆ ಹತ್ತು ನಿಮಿಷದಂತೆ ಮೀಯುವ ನಾಲ್ವರ ಸಂಸಾರವು ದಿನಕ್ಕೆ 600 ಲೀಟರು ಹರಿಸುತ್ತದೆ. ನಿಯಮದಂತೆ ನಡೆದರೆ 360. ಉಳಿಯುವ 240 ಲೀಟರಿನ ಬೆಲೆ, ಬೇಸಗೆಯಲ್ಲಿ ಬಾವಿ ಬತ್ತುವ ಊರಿನವರಿಗೆ ಗೊತ್ತು. ‘ಪ್ರಕೃತಿಯ ಮಡಿಲು’ ಎಂಬ ಬಣ್ಣನೆಯನ್ನು ಹೀಗೆ ಅಳೆಯಲು ಬರುವುದಿಲ್ಲ.

ಅಳೆಯದೆ ಮುದ್ರೆ ಕೊಟ್ಟರೆ ಏನಾಗುವುದೆಂಬುದಕ್ಕೂ ನಿದರ್ಶನವುಂಟು. ಜಗತ್ತಿನಾದ್ಯಂತ ಹೋಟೆಲುಗಳನ್ನೂ ರಜೆಯ ಮನೆಗಳನ್ನೂ ಗೊತ್ತುಮಾಡಿಕೊಡುವ ‘ಬುಕಿಂಗ್ ಡಾಟ್ ಕಾಂ’ ಸಂಸ್ಥೆಯು 2021ರ ನವೆಂಬರಿನಲ್ಲಿ ‘ಟ್ರಾವೆಲ್ ಸಸ್ಟೇನಬಲ್’ ಎಂಬ ಗುರುತನ್ನು ಹಂಚತೊಡಗಿತು. ಅದರ ಆಧಾರ 32 ಕ್ರಮಗಳ ಒಂದು ಪಟ್ಟಿ. ಹೊರಗಿನ ಪ್ರಮಾಣಪತ್ರವಿದ್ದವರನ್ನು ಬಿಟ್ಟರೆ ಉಳಿದ ಯಜಮಾನರು ತಾವು ಏನೇನು ಮಾಡಿದ್ದೇವೆಂದು ತಾವೇ ಬರೆದುಕೊಟ್ಟರಾಗುತ್ತಿತ್ತು. ಲಕ್ಷಾಂತರ ವಸತಿಗಳಿಗೆ ಗುರುತು ದೊರೆಯಿತು. ನೆದರ್ಲೆಂಡ್ಸಿನ ಗ್ರಾಹಕರ ಹಾಗೂ ಮಾರುಕಟ್ಟೆಗಳ ಪ್ರಾಧಿಕಾರವು ಇದನ್ನು ಆಕ್ಷೇಪಿಸಿತು. ಕೆಲವು ಕ್ರಮಗಳನ್ನು ಕೈಗೊಂಡ ಮಾತ್ರಕ್ಕೆ ಅಲ್ಲಿಗೆ ಹೋಗಿ ತಂಗುವುದೇ ಸುಸ್ಥಿರವೆಂಬ ಭಾವನೆ ಗ್ರಾಹಕನಲ್ಲಿ ಮೂಡಬಹುದೆಂಬುದು ಅದರ ವಾದ. 2024ರ ಮಾರ್ಚಿಯಲ್ಲಿ ಸಂಸ್ಥೆಯು ಆ ಗುರುತನ್ನು ಕೈಬಿಟ್ಟಿತು. ಅದೇ ವರ್ಷ ಐರೋಪ್ಯ ಒಕ್ಕೂಟವು, ಸರ್ಕಾರವೇ ಸ್ಥಾಪಿಸಿದ್ದಾಗಲಿ ಹೊರಗಿನವರು ಪರಿಶೀಲಿಸಿ ಕೊಟ್ಟದ್ದಾಗಲಿ ಅಲ್ಲದ ಸುಸ್ಥಿರತೆಯ ಮುದ್ರೆಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಅದು ಅನ್ವಯವಾಗಲು ಗೊತ್ತುಪಡಿಸಿದ ದಿನ 2026ರ ಸೆಪ್ಟೆಂಬರ್ 27.

ಇದರಿಂದ ಬಡ ಯಜಮಾನನಿಗೆ ಬಂದ ಕಷ್ಟವನ್ನೂ ಮರೆಯುವಂತಿಲ್ಲ. ಪರೀಕ್ಷಕನ ಪ್ರಯಾಣ, ಶುಲ್ಕ, ಕಾಗದಪತ್ರಗಳ ಹೊರೆ ಇನ್ನೂರು ಕೋಣೆಗಳ ಹೋಟೆಲಿಗೆ ಲೆಕ್ಕಕ್ಕಿಲ್ಲ. ಎರಡು ಕೋಣೆ ಬಾಡಿಗೆಗೆ ಕೊಟ್ಟು ಮಗಳ ಓದಿನ ಖರ್ಚು ತೂಗಿಸುವ ವಿಧವೆಗೆ ಅದೇ ಭಾರ. ಸೋರುವ ನಲ್ಲಿಯನ್ನು ಅಂದೇ ಸರಿಪಡಿಸುವ, ತರಕಾರಿಯ ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಕುವ ಅಂತಹವಳ ಮನೆಗೆ ಮುದ್ರೆಯಿಲ್ಲ. ಈಜುಕೊಳವಿರುವ ಬಂಗಲೆಗೆ ಇದೆ.

ಇನ್ನು ಬಕೆಟ್ಟಿನಿಂದಲೂ ಅಳೆಯಲಾಗದ ವಿಷಯವೊಂದು ಉಳಿಯುತ್ತದೆ. ಶವರು ಮಿತವಾಗಿದ್ದು, ಕಸವೆಲ್ಲ ಬೇರೆಬೇರೆಯಾಗಿದ್ದರೂ ಆ ಮನೆಯಲ್ಲಿ ಹಿಂದೆ ವಾಸವಿದ್ದ ಸಂಸಾರ ಎಲ್ಲಿಗೆ ಹೋಯಿತು? ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ ಈ ಪ್ರಶ್ನೆ ಬೀದಿಗೇ ಬಂದಿತು. ಪ್ರವಾಸಿಗಳಿಗೆ ಕೊಟ್ಟರೆ ಬಾಡಿಗೆ ಹೆಚ್ಚೆಂದು ಒಡೆಯರು ಮನೆಗಳನ್ನು ಅತ್ತ ತಿರುಗಿಸಿದರು. ಊರಿನವರಿಗೆ ಮನೆ ಸಿಗುವುದೇ ದುಸ್ತರವಾಯಿತು. 2024ರ ಜೂನಿನಲ್ಲಿ ಆ ನಗರದ ಮೇಯರ್ ಝೌಮೆ ಕೊಲ್ಬೋನಿಯವರು, ಪ್ರವಾಸಿಗಳಿಗೆ ಬಾಡಿಗೆಗೆ ಕೊಡಲು ಪರವಾನಗಿಯಿರುವ 10,101 ಮನೆಗಳಲ್ಲಿ ಯಾವುದರ ಪರವಾನಗಿಯನ್ನೂ ನವೀಕರಿಸುವುದಿಲ್ಲವೆಂದು ಸಾರಿದರು. ಹಸಿರು ಎಲೆ ಅಂಟಿಸಿಕೊಂಡವಕ್ಕೆಂದು ಅದರಲ್ಲಿ ರಿಯಾಯಿತಿಯೇನೂ ಇರಲಿಲ್ಲ. ಅದಕ್ಕೆ ಗೊತ್ತುಮಾಡಿದ ಗಡುವು 2028ರ ನವೆಂಬರ್. ಆ ಮನೆಗಳು ಮತ್ತೆ ಊರಿನ ಸಂಸಾರಗಳಿಗೆ ದೊರೆಯಬೇಕೆಂಬುದು ನಗರಾಡಳಿತದ ಉದ್ದೇಶ.