ಹಿಡಿತ ಬದಲಿಸಬೇಡಿ, ಬ್ಯಾಟ್ ಬದಲಿಸಿ

ಅಂತರ ಕಾಲೇಜು ಟೇಬಲ್ ಟೆನಿಸ್ ಆಯ್ಕೆ ಹತ್ತಿರ ಬಂದಾಗಲೆಲ್ಲ ನಮ್ಮ ಕಾಲೇಜಿನಲ್ಲಿ ಒಂದು ಮಾತು ಕೇಳಿಬರುತ್ತದೆ. ಪೆನ್ ಹಿಡಿದ ಹಾಗೆ ಬ್ಯಾಟ್ ಹಿಡಿಯುವವರು ಮೊದಲು ಹಿಡಿತ ಸರಿ ಮಾಡಿಕೊಳ್ಳಲಿ, ಆಮೇಲೆ ಟೀಮಿಗೆ ಬರಲಿ ಎಂದು. ಹೇಳುವವರಿಗೆ ಕೆಟ್ಟ ಉದ್ದೇಶ ಇಲ್ಲ, ಟೀಮ್ ಗೆಲ್ಲಲಿ ಎಂದೇ ಹೇಳುತ್ತಾರೆ. ಆದರೂ ಆ ಸಲಹೆ ತಪ್ಪು ಎಂಬುದು ನನ್ನ ಅಭಿಪ್ರಾಯ. ತೊಂದರೆ ಇರುವುದು ಹೆಚ್ಚಾಗಿ ಅವರ ಕೈಗೆ ಕೊಟ್ಟಿರುವ ಬ್ಯಾಟಿನಲ್ಲಿ.

ಮೊದಲು ಟಿಟಿ ಆಡದವರಿಗಾಗಿ ಎರಡು ಮಾತು. ಬ್ಯಾಟ್ ಹಿಡಿಯಲು ಮುಖ್ಯವಾಗಿ ಎರಡು ರೀತಿ ಇವೆ. ಕೈ ಕುಲುಕುವ ಹಾಗೆ ಹ್ಯಾಂಡಲನ್ನು ಮುಷ್ಟಿಯಲ್ಲಿ ಹಿಡಿಯುವುದು ಶೇಕ್‌ಹ್ಯಾಂಡ್. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹ್ಯಾಂಡಲ್ ಸಿಕ್ಕಿಸಿ, ಉಳಿದ ಮೂರು ಬೆರಳನ್ನು ಬ್ಯಾಟಿನ ಹಿಂದೆ ಇಡುವುದು ಪೆನ್‌ಹೋಲ್ಡ್. ಇದರಲ್ಲಿ ಬ್ಯಾಟಿನ ತಲೆ ಕೆಳಗೆ, ಹ್ಯಾಂಡಲ್ ಮೇಲೆ ಇರುತ್ತದೆ. ಯಾರೂ ಕಲಿಸದೆ ಸ್ವಂತವಾಗಿ ಆಡಲು ಶುರು ಮಾಡಿದ ಮಕ್ಕಳಲ್ಲಿ ಕೆಲವರ ಕೈ ತಾನಾಗಿಯೇ ಈ ಹಿಡಿತಕ್ಕೆ ಹೋಗುತ್ತದೆ. ನಮ್ಮ ಕಾಲೇಜಿನಲ್ಲೂ ಹಾಗೆ ಬಂದವರು ಇದ್ದಾರೆ, ಹುಡುಗರಲ್ಲೂ ಹುಡುಗಿಯರಲ್ಲೂ.

ಇದು ಕಲಿಯದವರ ಹಿಡಿತ ಎಂದು ತಿಳಿದವರು ಇತಿಹಾಸ ನೋಡಬೇಕು. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಮ್ಮ ದೇಶದಲ್ಲೇ, ಬೊಂಬಾಯಿಯಲ್ಲಿ ನಡೆಯಿತು. ಜಪಾನಿನ ಹಿರೋಜಿ ಸಾತೊ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ತಂದು ಪುರುಷರ ಸಿಂಗಲ್ಸ್ ಗೆದ್ದರು. ಚೆಂಡಿನ ಸದ್ದು ಕೂಡ ಸರಿಯಾಗಿ ಕೇಳದ ಆ ಬ್ಯಾಟ್ ಎದುರಾಳಿಗಳನ್ನು ಕಂಗೆಡಿಸಿತು. ಇವತ್ತು ನಾವು ಬಳಸುವ ಸ್ಪಾಂಜ್ ರಬ್ಬರಿನ ಕಥೆ ಅಲ್ಲಿಂದ ಜೋರಾಗಿ ಶುರುವಾಯಿತು. 1959ರಲ್ಲಿ ಚೀನಾಕ್ಕೆ ಮೊದಲ ವಿಶ್ವ ಪ್ರಶಸ್ತಿ ತಂದ ರೊಂಗ್ ಗುವೊಟುವಾನ್ ಪೆನ್‌ಹೋಲ್ಡ್ ಆಟಗಾರ. 1961, 1963, 1965ರಲ್ಲಿ ಸತತ ಮೂರು ಸಲ ಗೆದ್ದ ಝುವಾಂಗ್ ಝೆಡಾಂಗ್ ಕೂಡ. 2004ರ ಅಥೆನ್ಸ್ ಒಲಿಂಪಿಕ್ಸ್ ಪುರುಷರ ಫೈನಲ್‌ನಲ್ಲಿ ಎರಡೂ ಕಡೆ ಪೆನ್‌ಹೋಲ್ಡ್ ಆಟಗಾರರೇ ಇದ್ದರು. ಕೊರಿಯಾದ ರ್ಯು ಸಿಯುಂಗ್ ಮಿನ್ ಚೀನಾದ ವಾಂಗ್ ಹಾವೊ ಅವರನ್ನು 4-2ರಿಂದ ಸೋಲಿಸಿದರು.

ಅದೆಲ್ಲ ಹಳೆಯ ಕಾಲ ಎನ್ನುವವರಿಗೆ 2024ರ ಪ್ಯಾರಿಸ್ ಇದೆ. ಫ್ರಾನ್ಸಿನ ಫೆಲಿಕ್ಸ್ ಲೆಬ್ರನ್ ಪೆನ್‌ಹೋಲ್ಡ್ ಹಿಡಿತದಲ್ಲೇ ಪುರುಷರ ಸಿಂಗಲ್ಸ್ ಕಂಚು ಗೆದ್ದರು. ಆಗ ಅವರ ವಯಸ್ಸು 17, ಅಂದರೆ ಈ ಪತ್ರಿಕೆ ಓದುತ್ತಿರುವ ಬಹಳ ಮಂದಿಯ ವಯಸ್ಸು. ಅದೇ ಒಲಿಂಪಿಕ್ಸ್‌ನಲ್ಲಿ ಲಕ್ಸೆಂಬರ್ಗ್ ಪರ ಆಡಿದ ನಿ ಷಿಯಾಲಿಯನ್ 61ನೇ ವಯಸ್ಸಿನಲ್ಲಿ ಒಂದು ಪಂದ್ಯ ಗೆದ್ದರು, ಅವರದ್ದೂ ಪೆನ್‌ಹೋಲ್ಡ್. ಜರ್ಮನಿಯ ಡಾಂಗ್ ಕಿಯು 2022ರಲ್ಲಿ ಇದೇ ಹಿಡಿತದಲ್ಲಿ ಯುರೋಪ್ ಚಾಂಪಿಯನ್ ಆದರು.

ಇನ್ನೊಂದು ಪಕ್ಷದ ಮಾತನ್ನೂ ಒಪ್ಪಬೇಕು. ಇವತ್ತು ಜಗತ್ತಿನ ಹೆಚ್ಚಿನ ಆಟಗಾರರು ಶೇಕ್‌ಹ್ಯಾಂಡ್ ಆಡುವವರೇ. ನಮ್ಮ ಬೆಂಗಳೂರಿನವರೇ ಆದ, ಪ್ಯಾರಿಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಭಾರತ ಮಹಿಳಾ ತಂಡದಲ್ಲಿದ್ದ ಅರ್ಚನಾ ಕಾಮತ್ ಅವರದ್ದೂ ಶೇಕ್‌ಹ್ಯಾಂಡ್. ನಮ್ಮಲ್ಲಿ ಕಲಿಸುವವರಿಗೆ ಗೊತ್ತಿರುವುದೂ ಹೆಚ್ಚಾಗಿ ಅದೇ. ಪೆನ್‌ಹೋಲ್ಡ್‌ನ ಬ್ಯಾಕ್‌ಹ್ಯಾಂಡ್ ಕಷ್ಟ ಎಂಬುದೂ ನಿಜ. ಹಳೆಯ ರೀತಿಯಲ್ಲಿ ಒಂದೇ ಮುಖದಿಂದ ಎರಡೂ ಕಡೆಯ ಚೆಂಡನ್ನು ತಳ್ಳಬೇಕು, ಅದಕ್ಕಾಗಿ ಕಾಲು ಬಹಳ ಓಡಬೇಕು. 1990ರ ದಶಕದಲ್ಲಿ ಚೀನಾದ ಲಿಯು ಗುವೊಲಿಯಾಂಗ್ ಬ್ಯಾಟಿನ ಹಿಂಬದಿಗೂ ರಬ್ಬರ್ ಹಾಕಿ ಬ್ಯಾಕ್‌ಹ್ಯಾಂಡ್ ಹೊಡೆಯಲು ಆರಂಭಿಸಿದರು, ವಾಂಗ್ ಹಾವೊ ಅದನ್ನು ಪೂರ್ತಿ ಆಯುಧವನ್ನಾಗಿ ಮಾಡಿದರು. ಲೆಬ್ರನ್ ಆಡುವುದೂ ಆ ದಾರಿಯಲ್ಲೇ. ಹಾಗಾಗಿ ದೌರ್ಬಲ್ಯ ಇದೆ, ಅದಕ್ಕೆ ಮದ್ದೂ ಇದೆ.

ಇವತ್ತೇ ಮೊದಲ ಸಲ ಬ್ಯಾಟ್ ಹಿಡಿಯುವ ವಿದ್ಯಾರ್ಥಿಗೆ ಶೇಕ್‌ಹ್ಯಾಂಡ್ ಕಲಿಸಿದರೆ ನನ್ನ ಆಕ್ಷೇಪವಿಲ್ಲ. ನಾನು ಹೇಳುತ್ತಿರುವುದು ಎಂಟನೇ, ಒಂಬತ್ತನೇ ತರಗತಿಯಿಂದ ಪೆನ್‌ಹೋಲ್ಡ್ ಆಡಿಕೊಂಡು ಬಂದವರ ಬಗ್ಗೆ. ಅವರಿಗೆ ಆಯ್ಕೆಗೆ ಮೂರು ವಾರ ಇರುವಾಗ ಹಿಡಿತ ಬದಲಿಸಿ ಎಂದರೆ ಏನಾಗುತ್ತದೆ? ಕಾಮರ್ಸ್ ವಿದ್ಯಾರ್ಥಿಯಾಗಿ ಸ್ವಲ್ಪ ಲೆಕ್ಕ ಹಾಕುತ್ತೇನೆ. ನಮಗಿರುವುದು ಒಂದು ಟೇಬಲ್. ಊಟ, ಜೊಹರ್ ನಮಾಜ್ ಮುಗಿದ ಮೇಲೆ ವಿರಾಮದಲ್ಲಿ ಆಡಲು ಉಳಿಯುವುದು ಹೆಚ್ಚೆಂದರೆ 30 ನಿಮಿಷ. ಶುಕ್ರವಾರ ಜುಮಾ ಇರುವುದರಿಂದ ವಾರಕ್ಕೆ 5 ದಿನ, ಅಂದರೆ 150 ನಿಮಿಷ. ಒಂದು ಸಲಕ್ಕೆ ಇಬ್ಬರು ಆಡಿದರೆ 300 ನಿಮಿಷ. ಆಡುವವರು 20 ಜನ ಎಂದರೆ ತಲೆಗೆ ವಾರಕ್ಕೆ 15 ನಿಮಿಷ. ಮೂರು ವಾರಕ್ಕೆ 45 ನಿಮಿಷ. ಹುಡುಗರು ಹುಡುಗಿಯರು ಬೇರೆ ಬೇರೆ ದಿನ ಆಡುವುದರಿಂದ, ಸರದಿ ತಪ್ಪಿದರೆ ಅದೂ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಯಾರ ಕೈಯೂ ಹೊಸ ಹಿಡಿತ ಕಲಿಯುವುದಿಲ್ಲ. ಮೂರು ವರ್ಷದ ಅಭ್ಯಾಸವನ್ನು ರೈಟ್ ಆಫ್ ಮಾಡಿ, ಅದರ ಜಾಗಕ್ಕೆ ಏನನ್ನೂ ತರದ ಹಾಗಾಗುತ್ತದೆ. ಕೊನೆಗೆ ಆ ವಿದ್ಯಾರ್ಥಿ ಆಯ್ಕೆಗೇ ಬರುವುದಿಲ್ಲ. ಹೀಗೆ ಆಟ ಬಿಟ್ಟವರನ್ನು ನಾನು ಬಲ್ಲೆ.

ಈಗ ಬ್ಯಾಟಿನ ವಿಷಯಕ್ಕೆ ಬರುತ್ತೇನೆ. ಕಾಲೇಜಿನ ಪೆಟ್ಟಿಗೆಯಲ್ಲಿರುವ ಬ್ಯಾಟುಗಳೆಲ್ಲ ಶೇಕ್‌ಹ್ಯಾಂಡಿಗಾಗಿ ಮಾಡಿದವು. ಹ್ಯಾಂಡಲ್ ಸುಮಾರು 10 ಸೆಂಟಿಮೀಟರ್, ತುದಿಯಲ್ಲಿ ಅಗಲ. ಅದನ್ನು ಪೆನ್ನಿನ ಹಾಗೆ ಹಿಡಿದರೆ ಉದ್ದದ ಹ್ಯಾಂಡಲ್ ಮಣಿಕಟ್ಟಿನ ಕಡೆ ಚಾಚಿಕೊಂಡು ಕೈ ತಿರುಗಲು ಬಿಡುವುದಿಲ್ಲ. ಬ್ಲೇಡಿನ ಅಂಚು ಚೂಪಾಗಿರುವುದರಿಂದ ಹೆಬ್ಬೆರಳು ತೋರುಬೆರಳಿನ ಸಂದಿ ಉರಿಯುತ್ತದೆ. ರಬ್ಬರ್ ಹ್ಯಾಂಡಲಿನ ಬುಡದವರೆಗೂ ಇರುವುದರಿಂದ ಬೆರಳು ರಬ್ಬರಿನ ಮೇಲೇ ಕೂರುತ್ತದೆ, ಬೆವರಿಗೆ ಆ ಜಾಗ ಬೇಗ ಹಾಳಾಗುತ್ತದೆ. ನೋಡುವವರು ಇದನ್ನೆಲ್ಲ ಹಿಡಿತದ ದೋಷ ಎಂದುಕೊಳ್ಳುತ್ತಾರೆ.

ಪೆನ್‌ಹೋಲ್ಡ್‌ಗೆಂದೇ ಮಾಡಿದ ಬ್ಯಾಟಿನಲ್ಲಿ ಎರಡು ಜಾತಿ. ಚೀನೀ ಮಾದರಿ ನೋಡಲು ಶೇಕ್‌ಹ್ಯಾಂಡ್ ಬ್ಯಾಟಿನಂತೆಯೇ ಇರುತ್ತದೆ, ಹ್ಯಾಂಡಲ್ ಮಾತ್ರ ಗಿಡ್ಡ, ಸುಮಾರು 8 ಸೆಂಟಿಮೀಟರ್. ಎರಡೂ ಮುಖಕ್ಕೆ ರಬ್ಬರ್ ಹಾಕಬಹುದು. ಜಪಾನಿ ಮಾದರಿಯ ಬ್ಲೇಡ್ ಚೌಕಾಕಾರಕ್ಕೆ ಹತ್ತಿರ, ಹ್ಯಾಂಡಲ್ ಮೇಲೆ ತೋರುಬೆರಳು ಸುತ್ತಿಕೊಳ್ಳಲು ಕಾರ್ಕಿನ ಉಬ್ಬು ಇರುತ್ತದೆ. ಒಳ್ಳೆಯವನ್ನು ಹಿನೋಕಿ ಎಂಬ ಜಪಾನಿ ಮರದ ಒಂದೇ ಹಲಗೆಯಿಂದ ಮಾಡುತ್ತಾರೆ, ರಬ್ಬರ್ ಸಾಮಾನ್ಯವಾಗಿ ಒಂದೇ ಮುಖಕ್ಕೆ. ನಮ್ಮಂಥ ಕಾಲೇಜಿಗೆ ಚೀನೀ ಮಾದರಿಯೇ ವಾಸಿ. ಅದನ್ನು ಯಾವ ಆಟಗಾರರಾದರೂ ಬಳಸಬಹುದು, ಮುಂದೆ ಹಿಂಬದಿಯ ಬ್ಯಾಕ್‌ಹ್ಯಾಂಡ್ ಕಲಿಯಲೂ ಅವಕಾಶ ಇರುತ್ತದೆ.

ಆರಿಸುವಾಗ ತೂಕ ನೋಡಿ. ಬ್ಲೇಡ್ ಸುಮಾರು 85 ಗ್ರಾಂ, ಒಂದೊಂದು ರಬ್ಬರ್ ಶೀಟ್ ಸುಮಾರು 45 ಗ್ರಾಂ. ಎರಡೂ ಕಡೆ ಹಾಕಿದರೆ 175 ಗ್ರಾಂ ಆಯಿತು. ಪೆನ್‌ಹೋಲ್ಡ್‌ನಲ್ಲಿ ಈ ಭಾರವನ್ನು ಹೊರುವುದು ಮುಷ್ಟಿಯಲ್ಲ, ಬೆರಳುಗಳು. ಆದ್ದರಿಂದ ಹಗುರ ಬ್ಲೇಡ್, ಹಿಂಬದಿಗೆ ತೆಳು ಸ್ಪಾಂಜಿನ ರಬ್ಬರ್ ತೆಗೆದುಕೊಳ್ಳುವುದು ಒಳ್ಳೆಯದು. ತೀರಾ ವೇಗದ ಬ್ಲೇಡ್ ಬೇಡ. ಚೆಂಡು ಟೇಬಲ್ ಮೇಲೆ ಬೀಳದಿದ್ದರೆ ವೇಗದಿಂದ ಏನು ಲಾಭ?

ಬ್ಯಾಟ್ ತಂದರೆ ಕೆಲಸ ಮುಗಿಯಲಿಲ್ಲ, ಅದನ್ನು ಕೈಗೆ ಹೊಂದಿಸಬೇಕು. ಇಲ್ಲಿ ನನಗೆ ಖಲಮ್ ನೆನಪಾಗುತ್ತದೆ. ಉರ್ದು, ಅರಬ್ಬಿ ಖತಾತಿ ಬರೆಯುವವರು ಬಿದಿರಿನ ಲೇಖನಿಯನ್ನು ಅಂಗಡಿಯಿಂದ ತಂದ ಹಾಗೇ ಬಳಸುವುದಿಲ್ಲ. ಚಾಕುವಿನಿಂದ ಮೊನೆಯನ್ನು ಓರೆಯಾಗಿ ಕತ್ತರಿಸಿ, ತಮ್ಮ ಕೈಗೂ ಬರೆಯುವ ಲಿಪಿಗೂ ಹೊಂದಿಸಿಕೊಳ್ಳುತ್ತಾರೆ. ಖಲಮ್ ಕತ್ತರಿಸುವುದನ್ನು ಕಲಿಯುವುದು ಬರೆಯುವುದನ್ನು ಕಲಿಯುವುದರ ಒಂದು ಭಾಗ. ಪೆನ್ನಿನ ಹೆಸರಿರುವ ಈ ಹಿಡಿತಕ್ಕೂ ಅದೇ ನ್ಯಾಯ.

ಕೆಲಸ ಕಷ್ಟವಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಕೂರುವ ಎರಡು ಕಡೆ ಬ್ಲೇಡಿನ ಭುಜವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ದುಂಡಗೆ ಮಾಡಬೇಕು. ಮೊದಲು 120ರ ಒರಟು ಕಾಗದ, ಕೊನೆಗೆ 400ರ ನಯ ಕಾಗದ. ಸ್ವಲ್ಪ ಉಜ್ಜಿ, ಹಿಡಿದು ನೋಡಿ, ಎರಡು ದಿನ ಆಡಿ, ಮತ್ತೆ ಸ್ವಲ್ಪ ಉಜ್ಜಿ. ತೆಗೆದ ಮರವನ್ನು ಮತ್ತೆ ಸೇರಿಸಲಾಗುವುದಿಲ್ಲ ಎಂಬುದು ಲಗ್ಗೆರೆಯ ಯಾವ ಬಡಗಿಯನ್ನು ಕೇಳಿದರೂ ಗೊತ್ತಾಗುತ್ತದೆ. ಚೆಂಡು ಹೊಡೆಯುವ ಮುಖವನ್ನು ಮಾತ್ರ ಉಜ್ಜಬಾರದು. ರಬ್ಬರ್ ಅಂಟಿಸುವಾಗ ಹ್ಯಾಂಡಲಿನ ಬುಡದಲ್ಲಿ ಬೆರಳಿಗೆ ಜಾಗ ಬಿಡಬಹುದು, ನಿಯಮದಲ್ಲೇ ಅದಕ್ಕೆ ಅನುಮತಿ ಇದೆ. ಹೊಸ ಬ್ಯಾಟ್ ಕೊಳ್ಳಲಾಗದವರು ಹಳೆಯ ಶೇಕ್‌ಹ್ಯಾಂಡ್ ಬ್ಯಾಟಿನ ಹ್ಯಾಂಡಲನ್ನು ತುದಿಯಿಂದ 2 ಸೆಂಟಿಮೀಟರ್ ಗರಗಸದಲ್ಲಿ ಕೊಯ್ದು ಇದೇ ರೀತಿ ಉಜ್ಜಿಕೊಳ್ಳಬಹುದು. ಹ್ಯಾಂಡಲ್ ಕಡಿಮೆಯಾದಷ್ಟೂ ಬ್ಯಾಟಿನ ತಲೆ ಭಾರ ಎನಿಸುತ್ತದೆ, ಅದನ್ನು ತಿಳಿದೇ ಕೊಯ್ಯಬೇಕು.

ಒಂದು ಎಚ್ಚರಿಕೆ. ರಬ್ಬರ್ ಅಂಟಿಸಲು ಪಂಕ್ಚರ್ ಅಂಗಡಿಯ ಸಲ್ಯೂಷನ್ ಬಳಸಬೇಡಿ. ಅಂಥ ಆವಿಯಾಗುವ ದ್ರಾವಕದ ಅಂಟುಗಳನ್ನು ಆರೋಗ್ಯದ ಕಾರಣಕ್ಕಾಗಿಯೇ ಅಂತರರಾಷ್ಟ್ರೀಯ ಫೆಡರೇಷನ್ 2008ರಲ್ಲಿ ನಿಷೇಧಿಸಿತು. ನೀರಿನ ಆಧಾರದ ಅಂಟು ಸಿಗುತ್ತದೆ.

ಇಷ್ಟೆಲ್ಲ ಮಾಡಿದರೆ ಅಂಪೈರ್ ಒಪ್ಪುತ್ತಾರೆಯೇ? ಒಪ್ಪುತ್ತಾರೆ. ಬ್ಯಾಟ್ ಯಾವ ಗಾತ್ರ, ಆಕಾರ, ತೂಕದ್ದಾದರೂ ಆಗಬಹುದು ಎಂದು ನಿಯಮವೇ ಹೇಳುತ್ತದೆ. ಬ್ಲೇಡ್ ಸಮತಟ್ಟಾಗಿ ಗಟ್ಟಿಯಾಗಿರಬೇಕು, ದಪ್ಪದಲ್ಲಿ ಕನಿಷ್ಠ 85 ಶೇಕಡ ಸಹಜ ಮರ ಇರಬೇಕು. ಒಂದು ಮುಖ ಕಪ್ಪು, ಇನ್ನೊಂದು ಕೆಂಪು ಅಥವಾ ಅನುಮತಿ ಇರುವ ಬೇರೆ ಗಾಢ ಬಣ್ಣ. ಒಂದೇ ಕಡೆ ರಬ್ಬರ್ ಹಾಕುವವರಿಗೂ ಇದು ಅನ್ವಯ. ಮುಂದೆ ಕೆಂಪು ರಬ್ಬರ್ ಇದ್ದರೆ ಹಿಂದಿನ ಮರಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿರಬೇಕು. ರಬ್ಬರ್ ಇಲ್ಲದ ಮುಖದಿಂದ ಹೊಡೆದರೆ ಪಾಯಿಂಟ್ ಎದುರಾಳಿಗೆ. ಆದರೆ ಬ್ಯಾಟ್ ಹಿಡಿದ ಕೈಯ ಬೆರಳಿಗೆ ಚೆಂಡು ತಾಗಿ ಹೋದರೆ ಅದು ಸರಿಯಾದ ಹೊಡೆತವೇ. ಇದು ಗೊತ್ತಿಲ್ಲದೆ ಪಾಯಿಂಟ್ ಬಿಟ್ಟುಕೊಡುವವರು ಬಹಳ.

ಹಿಡಿಯುವ ಕ್ರಮವನ್ನೂ ಸ್ವಲ್ಪ ಹೇಳುತ್ತೇನೆ. ಬಿಗಿಯಾಗಿ ಅದುಮಿ ಹಿಡಿಯಬಾರದು. ಮೂರು ಬೆರಳು ಹಿಂದೆ ಒಂದರ ಮೇಲೊಂದು ಬಾಗಿರಲಿ, ಭಾರ ಹೊರುವುದು ನಡುಬೆರಳಿನ ಪಕ್ಕ. ಫೋರ್‌ಹ್ಯಾಂಡ್ ಹೊಡೆಯುವಾಗ ಹೆಬ್ಬೆರಳು ಒತ್ತಬೇಕು, ತೋರುಬೆರಳು ಸಡಿಲ. ಅದೇ ಮುಖದಿಂದ ಬ್ಯಾಕ್‌ಹ್ಯಾಂಡ್ ತಳ್ಳುವಾಗ ತೋರುಬೆರಳು ಒತ್ತಬೇಕು, ಹೆಬ್ಬೆರಳು ಸಡಿಲ. ಇದು ಕೈಗೆ ಹತ್ತಿದರೆ ಬ್ಯಾಟಿನ ಕೋನ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ. ಮಣಿಕಟ್ಟು ಪೂರ್ತಿ ಸ್ವತಂತ್ರವಾಗಿರುವುದರಿಂದ ಸರ್ವಿಸ್‌ನಲ್ಲಿ ಹೆಚ್ಚು ತಿರುವು ಸಿಗುತ್ತದೆ, ನೆಟ್ ಹತ್ತಿರದ ಚಿಕ್ಕ ಚೆಂಡಿಗೆ ಬ್ಯಾಟ್ ಸುಲಭವಾಗಿ ತಲುಪುತ್ತದೆ. ಶೇಕ್‌ಹ್ಯಾಂಡ್ ಆಟಗಾರರು ಕೂಡ ಸರ್ವಿಸ್ ಮಾಡುವಾಗ ಮೂರು ಬೆರಳು ಬಿಡಿಸಿ ಹಿಡಿತ ಸಡಿಲಿಸುತ್ತಾರೆ, ಗಮನಿಸಿ ನೋಡಿ. ಜೊತೆಗೆ, ನಮ್ಮ ಮಟ್ಟದ ಪಂದ್ಯಗಳಲ್ಲಿ ಎದುರಿಗೆ ನಿಲ್ಲುವವರು ಪೆನ್‌ಹೋಲ್ಡ್ ಆಟವನ್ನು ನೋಡಿರುವುದೇ ಕಡಿಮೆ. ಅದೂ ನಮಗೆ ಲಾಭವೇ.

ಕ್ರೀಡಾ ಸಮಿತಿಯ ಮುಂದೆ ನಾಲ್ಕು ವಿನಂತಿ ಇಡುತ್ತೇನೆ. ಒಂದು, ಆಯ್ಕೆಯಲ್ಲಿ ಹಿಡಿತ ನೋಡಬೇಡಿ, ಸ್ಕೋರ್ ನೋಡಿ. 11 ಪಾಯಿಂಟ್ ಮೊದಲು ಮಾಡಿದವರು ಹೇಗೆ ಹಿಡಿದರು ಎಂದು ಸ್ಕೋರ್ ಶೀಟ್ ಕೇಳುವುದಿಲ್ಲ. ಎರಡು, ಈ ವರ್ಷ ಆರು ಬ್ಯಾಟ್ ಕೊಳ್ಳುವುದಾದರೆ ಎರಡು ಚೀನೀ ಮಾದರಿಯ ಪೆನ್‌ಹೋಲ್ಡ್ ಇರಲಿ, ಒಂದು ಹುಡುಗರ ಪೆಟ್ಟಿಗೆಗೆ, ಒಂದು ಹುಡುಗಿಯರ ಪೆಟ್ಟಿಗೆಗೆ. ಒಟ್ಟು ಬ್ಯಾಟುಗಳ ಸಂಖ್ಯೆ ಹೆಚ್ಚುವುದಿಲ್ಲ, ಹಂಚಿಕೆ ಮಾತ್ರ ಬದಲಾಗುತ್ತದೆ. ಅಂಗಡಿಯಲ್ಲಿ ಕಾಣದಿದ್ದರೆ ಹೇಳಿ ತರಿಸಬಹುದು. ಮೂರು, ಮುರಿದ, ರಬ್ಬರ್ ಕಿತ್ತ ಹಳೆಯ ಬ್ಯಾಟುಗಳನ್ನು ಗುಜರಿಗೆ ಹಾಕದೆ, ಕೊಯ್ದು ಉಜ್ಜಿ ನೋಡಲು ಆಸಕ್ತರಿಗೆ ಕೊಡಿ. ನಾಲ್ಕು, ಹೊಸದಾಗಿ ಸೇರುವವರಿಗೆ ಎರಡೂ ಹಿಡಿತ ತೋರಿಸಿ, ಎರಡರ ಕಷ್ಟ ಸುಖ ಹೇಳಿ, ಆರಿಸಿಕೊಳ್ಳಲು ಬಿಡಿ.

ಪೆನ್‌ಹೋಲ್ಡ್ ಆಡುವ ಗೆಳೆಯ ಗೆಳತಿಯರಿಗೂ ಒಂದು ಮಾತು. ಹಿಡಿತ ಉಳಿಸಿಕೊಳ್ಳುವ ಹಕ್ಕು ಕೇಳುವವರು ಅದರ ದುಡಿಮೆಯನ್ನೂ ಒಪ್ಪಬೇಕು. ಕಾಲು ಓಡಿಸುವುದು, ಹಿಂಬದಿಯ ಬ್ಯಾಕ್‌ಹ್ಯಾಂಡ್ ಕಲಿಯುವುದು, ಸರ್ವಿಸ್ ತಿದ್ದುವುದು ನಿಮ್ಮ ಕೆಲಸ. ಇವುಗಳಲ್ಲಿ ಸರ್ವಿಸ್ ಅಭ್ಯಾಸಕ್ಕೆ ಎದುರಾಳಿ ಬೇಕಿಲ್ಲ, ಟೇಬಲ್ ಖಾಲಿ ಇರುವ ಐದು ನಿಮಿಷ ಸಾಕು. ಆಯ್ಕೆಯ ದಿನ ನಿಮ್ಮ ಹೆಸರು ಪಟ್ಟಿಯಲ್ಲಿ ಇರಲಿ.