ಕಚ್ಚಾ ತೈಲ ಸುಡುವುದಕ್ಕಷ್ಟೇ ಅಲ್ಲ



ಪೆಟ್ರೋಲ್ ಡೈನೋಸಾರ್‌ಗಳ ದೇಹದಿಂದ ಆದದ್ದು ಎಂದು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದು ನಿಜವಲ್ಲ. ಪೆಟ್ರೋಲ್ ಸಿಗುವುದು ಕಚ್ಚಾ ತೈಲದಿಂದ. ಕಚ್ಚಾ ತೈಲ ಬಹುಮಟ್ಟಿಗೆ ಹುಟ್ಟಿದ್ದು ಪ್ಲವಕಗಳೆಂಬ ಅತಿ ಚಿಕ್ಕ ಜಲಜೀವಿಗಳಿಂದ. ಕೋಟ್ಯಂತರ ವರ್ಷಗಳ ಹಿಂದೆ ಇವು ಸತ್ತು ಕಡಲ ತಳ ಸೇರಿದವು. ಅಲ್ಲಿನ ಕೆಸರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಆದ್ದರಿಂದ ಅವು ಪೂರ್ತಿ ಕೊಳೆಯಲಿಲ್ಲ. ಮೇಲೆ ಮಣ್ಣಿನ ಪದರಗಳು ಕೂಡುತ್ತಾ ಹೋದಂತೆ ಅವು ಆಳಕ್ಕೆ ಇಳಿದವು. ಅಲ್ಲಿ ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿಧಾನವಾಗಿ ತೈಲವಾದವು. ಈ ತೈಲ ನೆಲದಡಿ ಕೆರೆಯಂತೆ ನಿಂತಿರುವುದಿಲ್ಲ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ತುಂಬಿರುತ್ತದೆ. 1974ರಲ್ಲಿ ಮುಂಬೈ ಬಳಿಯ ಕಡಲಿನ 'ಬಾಂಬೆ ಹೈ'ಯಲ್ಲಿ ಸಿಕ್ಕ ತೈಲವೂ ಸುಣ್ಣಕಲ್ಲಿನ ರಂಧ್ರಗಳಲ್ಲಿತ್ತು.

ಇದರಲ್ಲಿ ಏನೇನಿದೆ? 100 ಗ್ರಾಂ ಕಚ್ಚಾ ತೈಲದಲ್ಲಿ ಸುಮಾರು 83ರಿಂದ 87 ಗ್ರಾಂ ಇಂಗಾಲ, 10ರಿಂದ 14 ಗ್ರಾಂ ಜಲಜನಕ ಇರುತ್ತವೆ. ಉಳಿದದ್ದು ಗಂಧಕ, ಸಾರಜನಕ, ಆಮ್ಲಜನಕ ಮತ್ತು ಅತ್ಯಲ್ಪ ಲೋಹಗಳು. ಇಂಗಾಲ ಮತ್ತು ಜಲಜನಕ ಕೂಡಿ ಆದ ಸಂಯುಕ್ತಗಳೇ ಹೈಡ್ರೋಕಾರ್ಬನ್‌ಗಳು. ಇವುಗಳಲ್ಲಿ ಚಿಕ್ಕ ಅಣುಗಳು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತವೆ, ದೊಡ್ಡವಕ್ಕೆ ಹೆಚ್ಚು ಉಷ್ಣತೆ ಬೇಕು. ಈ ವ್ಯತ್ಯಾಸವನ್ನು ಬಳಸಿ ಮಂಗಳೂರಿನಂಥ ತೈಲ ಶುದ್ಧೀಕರಣಾಗಾರಗಳಲ್ಲಿ ಅಡುಗೆ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಡಾಂಬರುಗಳನ್ನು ಬೇರ್ಪಡಿಸುತ್ತಾರೆ.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಇಷ್ಟು ಬೆಲೆಬಾಳುವ ವಸ್ತುವಿನ ಬಹುಪಾಲನ್ನು ನಾವು ಸುಟ್ಟುಬಿಡುತ್ತಿರುವುದು ಸರಿಯಲ್ಲ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದನ್ನು ಉರಿಸಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ! ತೂಕ ಹೆಚ್ಚಿದ್ದು ಹೇಗೆ? ಪೆಟ್ರೋಲಿನ ಇಂಗಾಲದ ಜೊತೆ ಗಾಳಿಯ ಆಮ್ಲಜನಕ ಸೇರಿತು. ಹೀಗೆ ನೆಲದಡಿ ಹುದುಗಿದ್ದ ಇಂಗಾಲ ವಾತಾವರಣ ಸೇರಿ ಭೂಮಿಯ ಬಿಸಿ ಏರಿಸುತ್ತಿದೆ.

ಹಾಗೆಂದು ನಾಳೆಯೇ ಟ್ರ್ಯಾಕ್ಟರ್, ಆಂಬುಲೆನ್ಸ್ ನಿಲ್ಲಿಸಲಾಗದು, ನಿಜ. ಆದರೆ ಆಸ್ಪತ್ರೆಯ ಸಿರಿಂಜು, ರಕ್ತದ ಚೀಲ, ಹಲವು ಔಷಧಿಗಳ ತಯಾರಿಗೂ ತೈಲವೇ ಮೂಲ. ವಾಹನ ಓಡಿಸಲು ಬಿಸಿಲು, ಗಾಳಿಗಳಿಂದ ಪಡೆದ ವಿದ್ಯುತ್ ಇದೆ, ಹತ್ತಿರದ ದಾರಿಗೆ ಸೈಕಲ್ ಇದೆ. ರಕ್ತದ ಚೀಲಕ್ಕೆ ಅಷ್ಟು ಸುಲಭದ ಬದಲಿ ಇಲ್ಲ. ಒಮ್ಮೆ ಬಳಸಿ ಬೀದಿಗೆ ಎಸೆಯುವ ಕ್ಯಾರಿಬ್ಯಾಗ್ ಕೂಡ ದುಂದುಗಾರಿಕೆಯೇ.

ಒಂದು ಲೆಕ್ಕ ಮಾಡಿ. ನಿಮ್ಮ ಮನೆಯ ಅಥವಾ ನೆರೆಮನೆಯ ಬೈಕಿಗೆ ವಾರಕ್ಕೆ ಎಷ್ಟು ಲೀಟರ್ ಪೆಟ್ರೋಲ್ ಬೇಕು? ಅದರಲ್ಲಿ ನಡೆದೇ ಹೋಗಬಹುದಾಗಿದ್ದ ಓಡಾಟ ಎಷ್ಟು? ತರಗತಿಯಲ್ಲಿ ಚರ್ಚಿಸಿ. ನನ್ನ ಮಾತು ಒಪ್ಪದಿದ್ದರೆ ಕಾರಣ ಕೊಟ್ಟು ವಾದಿಸಿ. ವಿಜ್ಞಾನ ಕಲಿಯುವ ರೀತಿಯೇ ಅದು.